ಕೊಲೆ ಪ್ರಕರಣ: ಹೈಕೋರ್ಟಿನಲ್ಲಿ ಮೇಲ್ಮನವಿ ವಜಾ ಆದ ಮೇಲೆ ಶಿಕ್ಷೆಯನ್ನು ಪ್ರಶ್ನಿಸಲು ದಾರಿ ಉಳಿದಿದೆಯೇ?

ಪ್ರಶ್ನೆ (ಸಿಂಧನೂರು ತಾಲ್ಲೂಕಿನಿಂದ)

ನನ್ನ ತಂದೆಯ ತಮ್ಮ, ನಾವೆಲ್ಲ ಕಾಕಾ ಎಂದು ಕರೆಯುವವರು, 2013ರಲ್ಲಿ ನಡೆದ ಕೊಲೆಯೊಂದಕ್ಕೆ ಜೀವಾವಧಿ ಶಿಕ್ಷೆ ಅನುಭವಿಸುತ್ತ ಬಳ್ಳಾರಿಯ ಕೇಂದ್ರ ಕಾರಾಗೃಹದಲ್ಲಿದ್ದಾರೆ. ಕೊಲೆಯನ್ನು ಕಣ್ಣಾರೆ ಕಂಡವರಿಲ್ಲ. ಮೃತರೊಡನೆ ಹೊಲದ ಬದುವಿನ ಜಗಳವಿತ್ತೆಂಬುದು, ಸೋಮವಾರ ಸಂಜೆ ಆರರ ಸುಮಾರಿಗೆ ಇಬ್ಬರನ್ನೂ ಎಡದಂಡೆ ಕಾಲುವೆಯ ದಾರಿಯಲ್ಲಿ ಒಂದೇ ಬೈಕಿನ ಮೇಲೆ ಕಂಡೆನೆಂದು ಒಬ್ಬರು ಹೇಳಿದ್ದು, ಮತ್ತು ಕಾಕಾ ತೋರಿಸಿದ ಜಾಗದಿಂದ ಕುಡಗೋಲು ಜಪ್ತಿ ಮಾಡಿದ ಪಂಚನಾಮೆ, ಈ ಮೂರರ ಮೇಲೆ ಶಿಕ್ಷೆ ನಿಂತಿದೆ. ಶವ ಸಿಕ್ಕಿದ್ದು ಗುರುವಾರ ಬೆಳಿಗ್ಗೆ, ಉಪಕಾಲುವೆಯ ತೂಬಿನ ಬಳಿ, ನೀರಿನಲ್ಲಿ. ಪಂಚರಿಬ್ಬರೂ ತಾವು ಠಾಣೆಯಲ್ಲಿ ಕುಳಿತು ಸಹಿ ಮಾಡಿದ್ದಾಗಿ ನ್ಯಾಯಾಲಯದಲ್ಲಿ ಹೇಳಿದರು. ಅವರನ್ನು ಪ್ರತಿಕೂಲ ಸಾಕ್ಷಿಗಳೆಂದು (ತಮ್ಮನ್ನು ಕರೆಸಿದ ಪಕ್ಷಕ್ಕೇ ವಿರುದ್ಧವಾಗಿ ನುಡಿದವರೆಂದು) ಬದಿಗಿಟ್ಟು ತನಿಖಾಧಿಕಾರಿಯ ಮಾತನ್ನು ನಂಬಲಾಯಿತು.

ಮಂಗಳವಾರ ಸಂಜೆಯಿಂದ ಬುಧವಾರ ಮಧ್ಯಾಹ್ನದವರೆಗೆ ಕಾಕಾ ಭತ್ತದ ಲಾರಿಯೊಡನೆ ಗಂಗಾವತಿಯಲ್ಲಿದ್ದರು. ಬುಧವಾರ ನಸುಕಿನ ತೂಕದ ಚೀಟಿ ನಮ್ಮಲ್ಲಿದೆ. ಆದರೆ ಕೊಲೆ ಸೋಮವಾರ ರಾತ್ರಿಯೇ ನಡೆಯಿತೆಂಬುದು ಆರೋಪವಾದ್ದರಿಂದ ಆಗಿನ ವಕೀಲರು ಅದನ್ನು ಹಾಜರುಪಡಿಸಲಿಲ್ಲ.

2019ರಲ್ಲಿ ಹೈಕೋರ್ಟ್ ಮೇಲ್ಮನವಿಯನ್ನು ವಜಾ ಮಾಡಿತು. ಮುಂದೆ ಹೋಗಲು ನಮ್ಮಲ್ಲಿ ಹಣವಿರಲಿಲ್ಲ. ಹದಿನಾಲ್ಕು ವರ್ಷ ತುಂಬಲಿ, ಸನ್ನಡತೆಯ ಮೇಲೆ ಬಿಡುಗಡೆ ಕೇಳೋಣ ಎಂದು ಊರಿನ ಹಿರಿಯರು ಹೇಳುತ್ತಾರೆ. ಮಾಡದ ಕೊಲೆಗೆ ಸನ್ನಡತೆಯ ಮಾತೇಕೆ ಎಂದು ಕಾಕಾ ಕೇಳುತ್ತಾರೆ. ಹೈಕೋರ್ಟಿಗೇ ಮರುಪರಿಶೀಲನೆಯ ಅರ್ಜಿ ಹಾಕಬಹುದೇ, ಅಥವಾ ಮರುತನಿಖೆ ಕೇಳಬಹುದೇ?

ಉತ್ತರ (ಬಳ್ಳಾರಿಯ ವಕೀಲರು)

ಎರಡೂ ಆಗುವುದಿಲ್ಲ. ಸಹಿಯಾದ ಕ್ರಿಮಿನಲ್ ತೀರ್ಪಿನಲ್ಲಿ ಬರಹದ ತಪ್ಪನ್ನು ತಿದ್ದಬಹುದೇ ಹೊರತು ಅದೇ ನ್ಯಾಯಾಲಯ ಅದನ್ನು ಬದಲಿಸುವಂತಿಲ್ಲವೆಂದು ದಂಡ ಪ್ರಕ್ರಿಯಾ ಸಂಹಿತೆಯ 362ನೇ ಕಲಂ ಹೇಳುತ್ತಿತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 403ನೇ ಕಲಮೂ ಅದನ್ನೇ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಇಂಥ ಶಿಕ್ಷೆಗಳನ್ನು ಮತ್ತೆ ಪರಿಶೀಲಿಸಿ ಮೇಲ್ಮನವಿ ನ್ಯಾಯಾಲಯಕ್ಕೆ ಕಳುಹಿಸುವ ಸ್ವತಂತ್ರ ಆಯೋಗ 1997ರಿಂದ ಇದೆ. ನಮ್ಮಲ್ಲಿ ಅಂಥದ್ದಿಲ್ಲ, ಇರಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ತಾವು ಸುಪ್ರೀಂ ಕೋರ್ಟಿಗೆ ಹೋಗಿಯೇ ಇಲ್ಲ, ಆದ್ದರಿಂದ ಸಂವಿಧಾನದ 136ನೇ ವಿಧಿಯ ಅಡಿಯ ವಿಶೇಷ ಅನುಮತಿ ಅರ್ಜಿಯ ದಾರಿ ಇನ್ನೂ ಉಳಿದಿದೆ. 90 ದಿನಗಳ ಅವಧಿ ಎಂದೋ ಮುಗಿದಿದೆ, ನಿಜ. ಸೆರೆಯಲ್ಲಿರುವ ಬಡ ಕೈದಿಯ ವಿಳಂಬವನ್ನು ತಕ್ಕ ಕಾರಣ ತೋರಿಸಿದರೆ ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಬಂಧನದಲ್ಲಿರುವವರಿಗೆ ಉಚಿತ ವಕೀಲರ ನೆರವು ಹಕ್ಕು. ಜೈಲಿನ ಅಧೀಕ್ಷಕರ ಮೂಲಕವೇ ಸುಪ್ರೀಂ ಕೋರ್ಟ್ ಕಾನೂನು ಸೇವಾ ಸಮಿತಿಗೆ ಅರ್ಜಿ ಕಳುಹಿಸಬಹುದು.

ಇನ್ನು ತಿರುಳಿನ ವಿಷಯ. ಸಾಂದರ್ಭಿಕ ಸಾಕ್ಷ್ಯದ, ಅಂದರೆ ಕಣ್ಣಾರೆ ಕಂಡವರಿಲ್ಲದಾಗ ಸುತ್ತಲಿನ ಸಂಗತಿಗಳಿಂದ ಕಟ್ಟುವ ಸಾಕ್ಷ್ಯದ, ಸರಪಳಿಯಲ್ಲಿ ಒಂದು ಕೊಂಡಿಯೂ ಸಡಿಲವಿರಬಾರದು, ಆರೋಪಿಯ ಅಪರಾಧವನ್ನು ಬಿಟ್ಟು ಬೇರಾವ ಊಹೆಗೂ ಅದು ಎಡೆಗೊಡಬಾರದು ಎಂಬುದು 1984ರ ಶರದ್ ಬಿರ್ಧಿಚಂದ್ ಸಾರಡಾ ತೀರ್ಪಿನಿಂದ ನೆಲೆಯಾದ ನಿಯಮ. ಕುಡಗೋಲಿನ ಮಟ್ಟಿಗೆ 1947ರ ಪುಲುಕುರಿ ಕೊಟ್ಟಯ್ಯ ತೀರ್ಪನ್ನು ನೋಡಬೇಕು: ಆರೋಪಿಯ ಹೇಳಿಕೆಯಲ್ಲಿ ವಸ್ತು ಎಲ್ಲಿದೆ ಎಂಬ ಭಾಗ ಮಾತ್ರ ಸಾಕ್ಷ್ಯವಾಗುತ್ತದೆ, ಅದರಿಂದಲೇ ಕಡಿದೆ ಎಂಬ ಭಾಗ ಆಗುವುದಿಲ್ಲ. ಹೊಸ ಸಾಕ್ಷಿಯನ್ನು ಹುಡುಕಿಕೊಂಡು ಊರೂರು ಅಲೆಯುವ ಮೊದಲು ಹಳೆಯ ಕಡತದ ದೃಢೀಕೃತ ಪ್ರತಿಗಳನ್ನು ಪಡೆಯಿರಿ. ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಸಾವಿನ ಸಮಯ ಏನೆಂದಿದೆ? ಕುಡಗೋಲಿನ ಮೇಲಿನ ರಕ್ತದ ಗುಂಪು ಗೊತ್ತಾಗಿದೆಯೇ?

ಪ್ರಶ್ನೆ ಕೇಳಿದವರು

ಸರ್, ಪ್ರತಿಗಳು ಸಿಕ್ಕವು. ಮಾನವ ರಕ್ತ ಎಂದಷ್ಟೇ ಇದೆ, ಗುಂಪು ತಿಳಿದುಬಂದಿಲ್ಲ. ಶವಪರೀಕ್ಷೆ ಗುರುವಾರ ಮಧ್ಯಾಹ್ನ ನಡೆದಿದೆ. ಅದಕ್ಕೆ 24ರಿಂದ 36 ಗಂಟೆ ಮೊದಲು ಸಾವು ಸಂಭವಿಸಿರಬಹುದು ಎಂದು ವೈದ್ಯರು ಬರೆದಿದ್ದಾರೆ. ಹಾಗಾದರೆ ಅದು ಮಂಗಳವಾರ ನಡುರಾತ್ರಿಯಿಂದ ಬುಧವಾರ ಮಧ್ಯಾಹ್ನದ ನಡುವೆ ಆಗಬೇಕು, ಕಾಕಾ ಗಂಗಾವತಿಯಲ್ಲಿದ್ದ ಹೊತ್ತು. ಪಾಟೀಸವಾಲಿನಲ್ಲಿ ಇದರ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ನಿನ್ನೆ ರಾತ್ರಿ ಇದನ್ನು ಓದಿ ಮನೆಯಲ್ಲಿ ಯಾರೂ ಮಲಗಲಿಲ್ಲ.

ಉತ್ತರ (ಕೊಪ್ಪಳದ ನಿವೃತ್ತ ವೈದ್ಯರು)

ತಮ್ಮ ಆಸೆಗೆ ಅಡ್ಡಬರುವುದು ನನಗೆ ಇಷ್ಟವಿಲ್ಲ, ಆದರೂ ಇದನ್ನು ಈಗಲೇ ಹೇಳಬೇಕು. ನೀರಿನಲ್ಲಿದ್ದ ಶವ ಬಯಲಿನಲ್ಲಿದ್ದ ಶವಕ್ಕಿಂತ ನಿಧಾನವಾಗಿ ಕೊಳೆಯುತ್ತದೆ. ಗಾಳಿಯಲ್ಲಿ ಒಂದು ವಾರದಲ್ಲಿ ಆಗುವ ಬದಲಾವಣೆಗೆ ನೀರಿನಲ್ಲಿ ಎರಡು ವಾರ ಬೇಕೆಂಬ ಸ್ಥೂಲ ಲೆಕ್ಕ ನಮ್ಮ ಪಠ್ಯಗಳಲ್ಲಿದೆ. ವರದಿ ಬರೆದವರು ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಸಾವು ಸೋಮವಾರ ರಾತ್ರಿಯೂ ಆಗಿರಬಹುದು, ಸರ್ಕಾರಿ ವಕೀಲರು ಮೊದಲು ಎತ್ತುವ ಮಾತು ಅದೇ. ವರದಿಯಲ್ಲಿ ಕೈಕಾಲಿನ ಚರ್ಮದ ಸುಕ್ಕು, ಮರಣಾನಂತರದ ಬಿಗಿತ, ಹೊಟ್ಟೆಯಲ್ಲಿದ್ದ ಆಹಾರ ಇವುಗಳ ಬಗ್ಗೆ ಏನು ಬರೆದಿದೆ ಎಂಬುದನ್ನು ಸಾಲು ಬಿಡದೆ ನೋಡಿ. ಕೊಲೆಯಾದ ಮೇಲೆ ಶವ ಎಷ್ಟು ಹೊತ್ತು ದಂಡೆಯ ಮೇಲಿತ್ತು, ಎಷ್ಟು ಹೊತ್ತು ನೀರಿನಲ್ಲಿತ್ತು ಎಂಬುದೂ ಅದರಿಂದ ಸ್ವಲ್ಪ ತಿಳಿಯಬಹುದು.

ಉತ್ತರ (ಬಳ್ಳಾರಿಯ ವಕೀಲರು)

ಡಾಕ್ಟರರ ಎಚ್ಚರಿಕೆ ಸರಿಯಾಗಿದೆ, ಅರ್ಜಿಯಲ್ಲಿ ಅದನ್ನು ಮುಚ್ಚಿಡದೆ ಎದುರಿಸಬೇಕು. ಆದರೆ ಅಭಿಯೋಜನೆಯ, ಅಂದರೆ ಆರೋಪ ಹೊರಿಸಿದ ಸರ್ಕಾರಿ ಪಕ್ಷದ, ವೈದ್ಯರ ಬರಹ ಆ ಪಕ್ಷದ್ದೇ ಕಥೆಗೆ ಹೊಂದದಿದ್ದಾಗ ವಿವರಣೆ ಕೇಳಬೇಕಾದ ಹೊಣೆ ಅಭಿಯೋಜನೆಯದು. ಅವರು ಕೇಳಲಿಲ್ಲ, ಆ ಸಂದೇಹದ ಲಾಭ ಆರೋಪಿಗೆ ಸಲ್ಲಬೇಕು. ಸುಪ್ರೀಂ ಕೋರ್ಟ್ ತನ್ನ ತೀರ್ಪನ್ನೇ ತಿದ್ದಿಕೊಂಡದ್ದೂ ಉಂಟು. ಮಹಾರಾಷ್ಟ್ರದ ಅಂಕುಶ್ ಮಾರುತಿ ಶಿಂದೆ ಪ್ರಕರಣದಲ್ಲಿ 2009ರಲ್ಲಿ ಆರು ಜನರಿಗೆ ಮರಣದಂಡನೆ ವಿಧಿಸಿದ್ದ ಅದೇ ನ್ಯಾಯಾಲಯ 2019ರ ಮಾರ್ಚ್‌ನಲ್ಲಿ ಅವರೆಲ್ಲರನ್ನೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ತೂಕದ ಚೀಟಿಯನ್ನು ಹೆಚ್ಚುವರಿ ಸಾಕ್ಷ್ಯವಾಗಿ ಪರಿಗಣಿಸುವಂತೆ ಪ್ರತ್ಯೇಕ ಅರ್ಜಿ ಬೇಕಾಗುತ್ತದೆ. ಮೂಲ ಚೀಟಿಯನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಅದರ ಮೇಲೆ ಏನನ್ನೂ ಬರೆಯಬೇಡಿ, ಮತ್ತು ಆ ದಿನದ ವಹಿ ಈಗಲೂ ಉಳಿದಿದೆಯೇ ಎಂದು ಗಂಗಾವತಿಗೆ ಹೋಗಿ ಈ ವಾರವೇ ಕೇಳಿ.