ಜೇಡ್ ಪೆಂಡೆಂಟ್ ಮೇಲೆ ತಲೆಕೆಳಗಾದ ಬಾವಲಿ, ಏನರ್ಥ?

ಕಲ್ಲುಸಕ್ಕರೆ:
ನಾನಿರೋದು ಸಿಂಗಾಪುರದಲ್ಲಿ. ಜೊತೇಲಿ ಕೆಲ್ಸ ಮಾಡ್ತಿದ್ದ ಚೀನೀ ಅಕ್ಕ ಒಬ್ರು ರಿಟೈರ್ ಆಗೋವಾಗ ನಂಗೊಂದು ಹಸಿರು ಜೇಡ್ ಕಲ್ಲಿನ ಪೆಂಡೆಂಟ್ ಕೊಟ್ರು, ಅದ್ರಲ್ಲಿ ಬಾವಲಿ ತಲೆಕೆಳಗಾಗಿದೆ, ಕೆಳಗಡೆ ಚೌಕ ತೂತಿರೋ ನಾಣ್ಯ. ಫೋಟೋ ನೋಡಿ ಅಮ್ಮ ಬಾವಲಿ ಅಪಶಕುನ ಕಣೇ, ಕತ್ತಿಗೆ ಹಾಕ್ಕೋಬೇಡ ಅಂತಿದಾರೆ. ಅಷ್ಟು ಪ್ರೀತಿಯಿಂದ ಕೊಟ್ಟಿದ್ದನ್ನ ಡಬ್ಬೀಲಿಡೋಕೆ ಮನಸ್ಸು ಬರ್ತಿಲ್ಲ, ಗೊತ್ತಿರೋರು ಹೇಳಿ ಪ್ಲೀಸ್.

ಮುಂಗಾರುಮಳೆ:
ಧಾರಾಳವಾಗಿ ಹಾಕ್ಕೊಳಿ, ಅವ್ರು ನಿಮ್ಗೆ ಆಶೀರ್ವಾದ ಮಾಡಿದಾರೆ. ಚೀನಾದಲ್ಲಿ ಇಂಥ ಕೆತ್ತನೆನ ಹೆಸರು ಹೇಳ್ಕೊಂಡು ಓದ್ಬೇಕು. ಬಾವಲಿ ಅಂದ್ರೆ ಬಿಯಾನ್‌ಫು, ಭಾಗ್ಯಕ್ಕೂ 'ಫು' ಅಂತಾರೆ, ಅಕ್ಷರ ಬೇರೆ ಉಚ್ಚಾರಣೆ ಒಂದೇ, ನಮ್ಮ ಶ್ಲೇಷೆ ಇದ್ದಂಗೆ. ತಲೆಕೆಳಗು ಅನ್ನೋಕೆ 'ದಾವ್', ಬಂದು ತಲುಪ್ತು ಅನ್ನೋಕೂ 'ದಾವ್', ಅಲ್ಲಿಗೆ ಭಾಗ್ಯ ಬಂತು ಅಂತಾಯ್ತು. ನಾಣ್ಯದ ತೂತು ಅವ್ರಿಗೆ ಕಣ್ಣು, ದುಡ್ಡಿಗೆ 'ಚಿಯೆನ್', ಮುಂದೆ ಅನ್ನೋಕೂ 'ಚಿಯೆನ್', ಹಾಗಾಗಿ ಬಾವಲಿ ಜೊತೆ ನಾಣ್ಯ ಬಂದ್ರೆ ಭಾಗ್ಯ ಕಣ್ಣೆದುರಲ್ಲೇ ಇದೆ ಅಂತ. ಐದು ಬಾವಲಿ ಇದ್ರೆ ಐದು ಭಾಗ್ಯ: ಆಯಸ್ಸು, ಐಶ್ವರ್ಯ, ಆರೋಗ್ಯ ನೆಮ್ಮದಿ, ಸದ್ಗುಣದ ಮೇಲಿನ ಪ್ರೀತಿ, ಕೊನೇದು ವಯಸ್ಸಾಗಿ ಸುಖವಾಗಿ ಬರೋ ಸಾವು. ಸಾವನ್ನೂ ಭಾಗ್ಯದ ಲೆಕ್ಕಕ್ಕೆ ಸೇರ್ಸಿದಾರಲ್ಲ, ಅದು ನಂಗೆ ತುಂಬಾ ಇಷ್ಟ. ಮೀನೂ ಹಂಗೇ, 'ಯೂ' ಅಂದ್ರೆ ಮೀನು, ಮಿಕ್ಕಿ ಉಳಿಯೋಷ್ಟು ಅನ್ನೋದೂ 'ಯೂ'.

ಹಳೇಬೇರು:
ಮೇಲಿನೋರು ಹೇಳಿದ್ದು ಸರಿ, ಆದ್ರೆ ಎಲ್ಲಾ ಪ್ರಾಣಿಗೂ ಈ ಶಬ್ದದ ಲೆಕ್ಕ ಹಿಡಿಯಲ್ಲ. ಜೀರುಂಡೆ ನೋಡಿ, ಹಾನ್ ರಾಜವಂಶದ ಕಾಲದಲ್ಲಿ (ಕ್ರಿ.ಪೂ. 206ರಿಂದ ಕ್ರಿ.ಶ. 220) ಸತ್ತೋರ ನಾಲಿಗೆ ಮೇಲೆ ಜೇಡ್ ಜೀರುಂಡೆ ಇಟ್ಟು ಹೂಳ್ತಿದ್ರು. ಅದು ವರ್ಷಗಟ್ಟಲೆ ಮಣ್ಣೊಳಗಿದ್ದು ಮೇಲೆ ಬಂದು ಪೊರೆ ಕಳಚಿ ಹಾರುತ್ತಲ್ಲ, ಸತ್ತೋರೂ ಹಂಗೇ ಮತ್ತೆ ಹುಟ್ಲಿ ಅಂತ. ಬಾಯಿಗಿಡೋದಕ್ಕೆ ಸಾಮಾನ್ಯವಾಗಿ ತೂತಿರಲ್ಲ, ಮೈಮೇಲೆ ಹಾಕ್ಕೊಳೋ ಜೀರುಂಡೆಗೆ ದಾರ ಪೋಣಿಸೋ ತೂತಿರುತ್ತೆ.

ಇನ್ನೊಂದು, ಜೇಡ್ ಉಕ್ಕಿನ ಚಾಕುಗೂ ಸುಲಭಕ್ಕೆ ಬಗ್ಗಲ್ಲ, ಹಿಂದಿನೋರು ಅದಕ್ಕಿಂತ ಗಟ್ಟಿ ಮರಳನ್ನ ನೀರಲ್ಲಿ ಕಲ್ಸಿ ತೇಯ್ದು ತೇಯ್ದೇ ಆಕಾರ ಕೊಡ್ತಿದ್ದಿದ್ದು. ಒಂದು ರೆಕ್ಕೆ ಗೆರೆಗೆ ಎಷ್ಟು ಹೊತ್ತು ಕೂತಿರ್ಬೇಕು!

ಕಲ್ಲುಸಕ್ಕರೆ:
ಇಬ್ರಿಗೂ ತುಂಬಾ ಥ್ಯಾಂಕ್ಸ್. ಅಮ್ಮಂಗೆ ಫೋನಲ್ಲಿ ಓದಿ ಹೇಳ್ದೆ, ಐದನೇ ಭಾಗ್ಯ ಕೇಳಿ ಸ್ವಲ್ಪ ಹೊತ್ತು ಸುಮ್ನಾದ್ರು, ಆಮೇಲೆ ಶುಕ್ರವಾರ ಹಾಕ್ಕೋ ಅಂದ್ರು.