“ಜೊಕೊವಿಚ್ ತಗೊಂಡಿಲ್ಲ, ನಾನ್ಯಾಕೆ ತಗೊಳ್ಳಲಿ?” ಲಸಿಕೆ, ಆಟ, ಒಪ್ಪಂದದ ಬಗ್ಗೆ ವಕೀಲರಿಗೆ ಪ್ರಶ್ನೆ

ಪ್ರಶ್ನೆ (ಕೋಥ್ರೂಡ್‌ನಿಂದ ಒಬ್ಬ ಅಮ್ಮ):
ನಮಸ್ಕಾರ. ನಾವು ಧಾರವಾಡದವರು, ಪುಣೆಗೆ ಬಂದು ಹದಿನಾಲ್ಕು ವರ್ಷ ಆಯ್ತು. ಮಗನಿಗೆ 19. ಚಿಕ್ಕಂದಿನಿಂದ ಟೆನಿಸ್ ಬಿಟ್ಟರೆ ಬೇರೆ ಧ್ಯಾನ ಇಲ್ಲ. ಈಗ ಅಮೆರಿಕದ ಒಂದು ಕಾಲೇಜಿನವರು ಟೆನಿಸ್ ಸ್ಕಾಲರ್‌ಶಿಪ್ ಕೊಡುತ್ತೇವೆ ಅಂದಿದ್ದಾರೆ. ಕಾಗದಪತ್ರದ ಜೊತೆ ಲಸಿಕೆಗಳ ಪಟ್ಟಿಯೂ ಬಂದಿದೆ. ಇವನು “ಯಾವ ಸೂಜಿಯೂ ಬೇಡ, ಜೊಕೊವಿಚ್ ಕೋವಿಡ್ ಲಸಿಕೆ ತಗೊಂಡನಾ? 24 ಗ್ರ್ಯಾಂಡ್ ಸ್ಲಾಮ್ ಗೆದ್ದಿಲ್ವಾ?” ಅಂತ ಕೂತಿದ್ದಾನೆ. ಹುಲಿ ನೋಡಿ ನರಿ ಬರೆ ಹಾಕಿಕೊಂಡ ಹಾಗಾಯ್ತು ಅಂದೆ, ಮೂರು ದಿನ ಮಾತು ಬಿಟ್ಟ. ಬೇಡ ಅಂದ ಆಟಗಾರರಿಗೆ ನಿಜವಾಗಿ ಏನಾಯ್ತು? ಕಾಲೇಜಿಗೆ ಹಾಗೆ ಬೇಡ ಅನ್ನಬಹುದಾ?

ಉತ್ತರ (ಕ್ರೀಡಾ ಒಪ್ಪಂದಗಳ ವಕೀಲ, ಶಿವಾಜಿನಗರ):
ಅಕ್ಕ, ಆ ಗಾದೆ ಅವನ ಮುಂದೆ ಬೇಡವಾಗಿತ್ತು. ಆದರೆ ಗಾದೆ ತಪ್ಪಲ್ಲ.

ಮೊದಲೇ ಹೇಳಿಬಿಡುತ್ತೇನೆ, ಲಸಿಕೆ ಒಳ್ಳೆಯದಾ ಕೆಟ್ಟದ್ದಾ ಅಂತ ಹೇಳೋದು ಡಾಕ್ಟರ್ ಕೆಲಸ. ನಾನು ನೋಡೋದು ಕಾಗದ ಮಾತ್ರ. ಬೇಡ ಅನ್ನುವ ಹಕ್ಕು ಆಟಗಾರನಿಗೆ ಇದೆ, ಆದರೆ ಅದಕ್ಕೆ ಎಷ್ಟು ಬೆಲೆ ಅಂತ ತೀರ್ಮಾನ ಮಾಡೋದು ಅವನಲ್ಲ. ಯಾವ ಊರಲ್ಲಿ ಆಡಬೇಕೋ ಆ ಊರಿನ ನಿಯಮ.

ಜೊಕೊವಿಚ್ ಕತೆಯನ್ನು ಮಗನಿಗೆ ಪೂರ್ತಿ ಹೇಳಿ. ಅವನು 2022ರ ಜನವರಿ 5ರ ರಾತ್ರಿ ಮೆಲ್ಬರ್ನ್‌ನಲ್ಲಿ ಇಳಿದ. ಡಿಸೆಂಬರ್‌ನಲ್ಲಿ ಕೋವಿಡ್ ಬಂದು ಹೋಗಿದೆ ಅನ್ನುವ ಕಾರಣಕ್ಕೆ ವಿನಾಯಿತಿ ಪತ್ರ ಕೈಯಲ್ಲಿತ್ತು. ಟೆನಿಸ್ ಸಂಸ್ಥೆ ಒಪ್ಪಿತ್ತು, ವಿಕ್ಟೋರಿಯಾ ರಾಜ್ಯದ ಸಮಿತಿಯೂ ಒಪ್ಪಿತ್ತು. ಗಡಿ ಅಧಿಕಾರಿಗಳು ಒಪ್ಪಲಿಲ್ಲ, ವೀಸಾ ರದ್ದು. ಕೋರ್ಟಿಗೆ ಹೋದ, 10ನೇ ತಾರೀಖು ಗೆದ್ದ. ಆದರೆ ಯಾಕೆ ಗೆದ್ದ? ಉತ್ತರ ಕೊಡಲು ಅವನಿಗೆ ಸಾಕಷ್ಟು ಸಮಯ ಕೊಟ್ಟಿರಲಿಲ್ಲ, ಅಷ್ಟೇ. ಲಸಿಕೆ ವಿಷಯದಲ್ಲಿ ಅವನು ಸರಿ ಅಂತ ಯಾವ ನ್ಯಾಯಾಧೀಶರೂ ಹೇಳಲಿಲ್ಲ. 14ಕ್ಕೆ ವಲಸೆ ಮಂತ್ರಿ ಅಲೆಕ್ಸ್ ಹಾಕ್ ತಮ್ಮ ಸ್ವಂತ ಅಧಿಕಾರ ಬಳಸಿ ಮತ್ತೆ ರದ್ದು ಮಾಡಿದರು. ಇಲ್ಲಿ ಒಂದು ತಮಾಷೆ ಇದೆ ನೋಡಿ. ಜೊಕೊವಿಚ್‌ನಿಂದ ಸೋಂಕು ಹರಡುವ ಅಪಾಯ ತೀರಾ ಕಡಿಮೆ ಅಂತ ಮಂತ್ರಿಯೇ ಒಪ್ಪಿಕೊಂಡಿದ್ದರು. ಅವರ ವಾದ ಬೇರೆ: ಇಷ್ಟು ದೊಡ್ಡ ಹೆಸರಿನವನು ಇಲ್ಲಿದ್ದರೆ ಲಸಿಕೆ ಬೇಡ ಅನ್ನುವವರಿಗೆ ಬಲ ಬರುತ್ತದೆ ಅಂತ. 16ಕ್ಕೆ ಮೂವರು ನ್ಯಾಯಾಧೀಶರು ಒಮ್ಮತದಿಂದ ಅವನ ಅರ್ಜಿ ವಜಾ ಮಾಡಿದರು, ಅದೇ ರಾತ್ರಿ ವಿಮಾನ ಹತ್ತಿಸಿದರು. ಮಂತ್ರಿ ಮಾಡಿದ್ದು ಜಾಣತನವಾ ಅಂತ ಕೋರ್ಟ್ ನೋಡಲೇ ಇಲ್ಲ, ಕಾನೂನಿನೊಳಗೆ ಇದೆಯಾ ಅಂತ ಮಾತ್ರ ನೋಡಿತು. ನನ್ನ ಕಕ್ಷಿದಾರರಿಗೆ ಇದನ್ನೇ ಹತ್ತು ಸಲ ಹೇಳುತ್ತೇನೆ.

ಆ ವರ್ಷ ಆಸ್ಟ್ರೇಲಿಯನ್ ಓಪನ್ ನಡಾಲ್ ಪಾಲಾಯಿತು. ಜೊಕೊವಿಚ್ ಅದೇ ವರ್ಷದ ಯುಎಸ್ ಓಪನ್ ಕೂಡ ಆಡಲಿಲ್ಲ. ಇಂಡಿಯನ್ ವೆಲ್ಸ್, ಮಯಾಮಿ ಎರಡು ವರ್ಷ ಹೋದವು. ಹೊರದೇಶದವರಿಗೆ ಲಸಿಕೆ ಕಡ್ಡಾಯ ಅನ್ನುವ ನಿಯಮವನ್ನು ಅಮೆರಿಕ ತೆಗೆದದ್ದು 2023ರ ಮೇ 11ಕ್ಕೆ. ಅದೇ ಸೆಪ್ಟೆಂಬರ್‌ನಲ್ಲಿ ಬಂದು ಯುಎಸ್ ಓಪನ್ ಗೆದ್ದ, ನಿಮ್ಮ ಮಗ ಹೇಳುವ 24ನೆಯದು ಅದೇ. ಆನೆ ನಡೆದದ್ದೇ ದಾರಿ ಅಂತಾರಲ್ಲ, ಇವನು ಆನೆ. ಎರಡು ವರ್ಷ ಕಾಯಲು ದುಡ್ಡಿತ್ತು, ರ್‍ಯಾಂಕಿಂಗ್ ಇತ್ತು. ಇನ್ನೂ ಒಂದು ಮಾತು: ನನ್ನ ನಿರ್ಧಾರಕ್ಕೆ ಟ್ರೋಫಿಗಳನ್ನು ಕಳೆದುಕೊಳ್ಳಲೂ ಸಿದ್ಧ ಅಂತ ಅವನೇ ಮುಂಚೆ ಹೇಳಿದ್ದ. ಬೆಲೆ ಕೊಟ್ಟೇ ತಗೊಂಡ. ನಿಮ್ಮ ಮಗನಿಗೆ ಬೆಲೆ ಕೊಡದೆ ಬೇಕು ಅನಿಸುತ್ತದೆ.

ಪ್ರಶ್ನೆ (ವಾಕಡ್‌ನಿಂದ, ಬಾಸ್ಕೆಟ್‌ಬಾಲ್ ಹುಚ್ಚ):
ಸರ್, ಕೈರಿ ಇರ್ವಿಂಗ್ ಬಗ್ಗೆ ಬರೀರಿ. ಅವನಿಗೆ ಅನ್ಯಾಯ ಆಯ್ತು ಅಂತ ನನ್ನ ಅಭಿಪ್ರಾಯ.

ಉತ್ತರ:
ಅರ್ಧ ಒಪ್ಪುತ್ತೇನೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತನ್ನ ಆಟಗಾರರಿಗೆ ಲಸಿಕೆ ಕಡ್ಡಾಯ ಮಾಡಿರಲಿಲ್ಲ, ಆಟಗಾರರ ಸಂಘ ಬಿಡಲಿಲ್ಲ. ಕಡ್ಡಾಯ ಮಾಡಿದ್ದು ನ್ಯೂಯಾರ್ಕ್ ನಗರ. ಇರ್ವಿಂಗ್ ತಂಡ ಬ್ರೂಕ್ಲಿನ್, ಅಂದರೆ ತವರಿನ ಪಂದ್ಯಗಳೆಲ್ಲ ಆ ನಗರದೊಳಗೇ. ವಿಚಿತ್ರ ಏನೆಂದರೆ ಹೊರಗಿನಿಂದ ಬರುವ ತಂಡದ ಆಟಗಾರ ಲಸಿಕೆ ಇಲ್ಲದೆ ಅದೇ ಅಂಗಳದಲ್ಲಿ ಆಡಬಹುದಿತ್ತು, ಇರ್ವಿಂಗ್ ಆಡುವಂತಿರಲಿಲ್ಲ! ಅತಿಥಿಗೆ ಊಟ ಉಂಟು, ಮನೆಯವನಿಗೆ ಇಲ್ಲ. ಇದನ್ನು ಯಾರೂ ಸಮರ್ಥಿಸಲಾರರು.

ಮೊದಲು ತಂಡ ಅವನನ್ನು ಪೂರ್ತಿ ಹೊರಗಿಟ್ಟಿತು. 2022ರ ಜನವರಿಯಿಂದ ಹೊರ ಊರಿನ ಪಂದ್ಯಗಳಿಗೆ ಮಾತ್ರ ಕರೆದುಕೊಂಡಿತು. ಮಾರ್ಚ್ 24ಕ್ಕೆ ಮೇಯರ್ ಎರಿಕ್ ಆಡಮ್ಸ್ ಆಟಗಾರರಿಗೆ ವಿನಾಯಿತಿ ಕೊಟ್ಟರು. ಲೀಗ್ ಹಂತದ 82 ಪಂದ್ಯಗಳಲ್ಲಿ ಅವನು ಆಡಿದ್ದು 29. ಸ್ಥಳೀಯ ನಿಯಮದಿಂದ ತಪ್ಪಿದ ಪಂದ್ಯಕ್ಕೆ ಸಂಬಳ ಇಲ್ಲ ಅಂತ ಲೀಗ್ ಮೊದಲೇ ಹೇಳಿತ್ತು, ಹಾಗೇ ಕತ್ತರಿಸಿತು. ನಾಲ್ಕು ವರ್ಷದ, 10 ಕೋಟಿ ಡಾಲರ್ ದಾಟುವ ಹೊಸ ಒಪ್ಪಂದ ಇದರಿಂದ ಕೈತಪ್ಪಿತು ಅಂತ ಅವನೇ ಆಮೇಲೆ ಹೇಳಿದ.

ಅದೇ ಕಾಲಕ್ಕೆ ಗೋಲ್ಡನ್ ಸ್ಟೇಟ್ ತಂಡದ ಆಂಡ್ರ್ಯೂ ವಿಗ್ಗಿನ್ಸ್‌ಗೂ ಇದೇ ಗಂಟಲಿನ ಮುಳ್ಳು. ಧರ್ಮದ ಕಾರಣ ಕೊಟ್ಟು ವಿನಾಯಿತಿ ಕೇಳಿದ, ಸಿಗಲಿಲ್ಲ. ಬೇಜಾರಿನಿಂದಲೇ ತಗೊಂಡ, ಮನಸ್ಸಿಲ್ಲದೆ ತಗೊಂಡೆ ಅಂತ ಬಾಯಿಬಿಟ್ಟು ಹೇಳಿಯೂ ಹೇಳಿದ. ಆ ಸೀಸನ್‌ನಲ್ಲೇ ಲೀಗ್‌ನ ತಾರೆಯರು ಆಡುವ ಆಲ್ ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದ, ಜೂನ್‌ನಲ್ಲಿ ತಂಡ ಚಾಂಪಿಯನ್.

ಸುಳ್ಳು ಹೇಳಿದವರದು ಬೇರೆ ಕತೆ. ಅಮೆರಿಕನ್ ಫುಟ್‌ಬಾಲ್ ಆಟಗಾರ ಆರನ್ ರಾಡ್ಜರ್ಸ್‌ನನ್ನು ಲಸಿಕೆ ತಗೊಂಡಿದ್ದೀಯಾ ಅಂದರೆ “ಇಮ್ಯುನೈಸ್ಡ್”, ಅಂದರೆ ರೋಗನಿರೋಧಕ ಶಕ್ತಿ ಇದೆ, ಅಂದ. ಮಾತಿನ ಚಮತ್ಕಾರ. ತಿಂಗಳು ಮೂರು ಕಳೆಯುವುದರೊಳಗೆ ಪಾಸಿಟಿವ್ ಬಂದು ಬಣ್ಣ ಬಯಲಾಯಿತು. ಅವನಿಗೆ ಬಿದ್ದ ದಂಡ 14,650 ಡಾಲರ್, ಅವನ ಮಟ್ಟಿಗೆ ಚಹಾ ದುಡ್ಡು. ತಂಡಕ್ಕೆ 3 ಲಕ್ಷ ಡಾಲರ್. ಆ ವರ್ಷ ಅವನೇ ಲೀಗ್‌ನ ಅತ್ಯುತ್ತಮ ಆಟಗಾರನೂ ಆದ, ಹಾಗಾಗಿ ಎಲ್ಲರಿಗೂ ಶಿಕ್ಷೆ ಆಗುತ್ತದೆ ಅಂತ ನಾನು ಹೇಳೋದಿಲ್ಲ. ಅದೇ ಆಟದ ಆಂಟೋನಿಯೊ ಬ್ರೌನ್ ತನ್ನ ಲಸಿಕೆ ವಿಷಯದಲ್ಲಿ ಸುಳ್ಳು ಹೇಳಿ 3 ಪಂದ್ಯ ಹೊರಗೆ ಕೂತ. ಕೋಥ್ರೂಡ್‌ನ ಅಕ್ಕ, ನಿಮ್ಮ ಮಗನಿಗೆ ಯಾರಾದರೂ “ಸರ್ಟಿಫಿಕೇಟ್ ಮಾಡಿಸಿಕೊಡ್ತೀನಿ ಬಾ” ಅಂದರೆ ದಯವಿಟ್ಟು ಓಡಿಸಿ. ಬೇಡ ಅಂದವನಿಗೆ ನಾನು ವಕಾಲತ್ತು ಮಾಡಬಲ್ಲೆ, ನಕಲಿ ಕಾಗದ ಕೊಟ್ಟವನಿಗೆ ಏನು ಮಾಡಲಿ?

ಪ್ರಶ್ನೆ (ಬಾಲೆವಾಡಿಯ ಒಬ್ಬ ಕೋಚ್):
ವಕೀಲರೇ, ನೀವು ಒಂದೇ ಪಕ್ಕ ವಾಲುತ್ತಿದ್ದೀರಿ. ಆಟಗಾರನ ದೇಹವೇ ಅವನ ಅನ್ನ. ಒತ್ತಾಯ ಮಾಡುವಂತಿಲ್ಲ ಅಂತ ನಮ್ಮ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ?

ಉತ್ತರ:
ಹೇಳಿದೆ. 2022ರ ಮೇ 2ರ ತೀರ್ಪು, ಮಕ್ಕಳ ವೈದ್ಯ ಜೇಕಬ್ ಪುಲಿಯೆಲ್ ಹಾಕಿದ್ದ ಅರ್ಜಿ. ಸಂವಿಧಾನದ 21ನೇ ವಿಧಿಯಲ್ಲಿ ದೇಹದ ಮೇಲಿನ ಹಕ್ಕೂ ಸೇರಿದೆ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಅಂತ ಇದೆ. ಜನ ಅಲ್ಲಿಗೆ ಓದು ನಿಲ್ಲಿಸುತ್ತಾರೆ. ಜನರ ಆರೋಗ್ಯಕ್ಕಾಗಿ ಸರ್ಕಾರ ಕೆಲವು ನಿರ್ಬಂಧ ಹಾಕಬಹುದು, ಆದರೆ ಅವು ಅಳತೆ ಮೀರಬಾರದು ಅಂತಲೂ ಅದರಲ್ಲೇ ಇದೆ. ಆಗಿನ ಸೋಂಕಿನ ಪ್ರಮಾಣ ನೋಡಿ, ಲಸಿಕೆ ಇಲ್ಲದವರ ಮೇಲಿನ ನಿರ್ಬಂಧ ಸರಿಯಲ್ಲ ಅಂತ ಹೇಳಿತು. ಪರಿಸ್ಥಿತಿ ಬದಲಾದರೆ ಉತ್ತರವೂ ಬದಲಾಗಬಹುದು. ಮತ್ತೆ, ಈ ತೀರ್ಪು ಹಿಡಿದುಕೊಂಡು ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ನಿಂತರೆ ಅದು ಬರೀ ಕಾಗದ.

ಪ್ರತಿಕ್ರಿಯೆ (ಡೊಂಬಿವಲಿಯಿಂದ):
ಮುಂಬೈಯಲ್ಲಿ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. 2021ರ ಆಗಸ್ಟ್ 15ರಿಂದ ಎರಡು ಡೋಸ್ ಆಗಿ 14 ದಿನ ಕಳೆದವರನ್ನು ಮಾತ್ರ ಲೋಕಲ್ ರೈಲಿಗೆ ಬಿಡುತ್ತಿದ್ದರು. ನಮ್ಮ ಆಫೀಸಿನ ಹುಡುಗ ಹಟ ಹಿಡಿದು ತಗೊಳ್ಳಲಿಲ್ಲ. ಡೊಂಬಿವಲಿಯಿಂದ ದಾದರ್‌ಗೆ ಬಸ್ಸು, ಮತ್ತೆ ಬಸ್ಸು. ಎರಡನೇ ವಾರ ಹೋಗಿ ಕ್ಯೂನಲ್ಲಿ ನಿಂತ. ಸಿದ್ಧಾಂತ ಎಲ್ಲ ಕಲ್ಯಾಣ್ ಫಾಸ್ಟ್ ಲೋಕಲ್ ಮುಂದೆ ಠುಸ್.

ಪ್ರಶ್ನೆ (ಹಿಂಜವಡಿಯಿಂದ):
ಲಸಿಕೆ ತಗೊಂಡ ಆಟಗಾರರು ಮೈದಾನದಲ್ಲೇ ಕುಸಿದು ಬೀಳುವ ವಿಡಿಯೋ ಎಲ್ಲ ಬಂತಲ್ಲ. ಎರಿಕ್ಸನ್, ಹ್ಯಾಮ್ಲಿನ್. ಅದಕ್ಕೇನಂತೀರಿ?

ಉತ್ತರ (ಗುಂಪಿನ ಸದಸ್ಯೆ, ಕ್ರೀಡಾ ವೈದ್ಯೆ, ಔಂಧ್):
ಇದು ವಕೀಲರದ್ದಲ್ಲ, ನನ್ನ ಸರದಿ. ಡೆನ್ಮಾರ್ಕ್‌ನ ಫುಟ್‌ಬಾಲ್ ಆಟಗಾರ ಎರಿಕ್ಸನ್ ಬಿದ್ದದ್ದು 2021ರ ಜೂನ್ 12ಕ್ಕೆ. ಅವನು ಲಸಿಕೆ ತಗೊಂಡೇ ಇರಲಿಲ್ಲ ಅಂತ ಅವನ ಕ್ಲಬ್ಬಿನ ನಿರ್ದೇಶಕರೇ ಹೇಳಿದರು. ಅಮೆರಿಕನ್ ಫುಟ್‌ಬಾಲ್ ಆಡುವ ಹ್ಯಾಮ್ಲಿನ್‌ಗೆ 2023ರ ಜನವರಿಯಲ್ಲಿ ಎದೆಗೆ ಸರಿಯಾದ ಕ್ಷಣದಲ್ಲಿ, ಅಂದರೆ ತೀರಾ ಕೆಟ್ಟ ಕ್ಷಣದಲ್ಲಿ, ಪೆಟ್ಟು ಬಿದ್ದು ಹೃದಯದ ಲಯ ತಪ್ಪಿತು. ಕ್ರಿಕೆಟ್ ಚೆಂಡು ಎದೆಗೆ ಬಡಿದರೂ ಹೀಗಾಗಬಹುದು.

ಹಾಗಂತ ಭಯ ಪೂರ್ತಿ ಸುಳ್ಳಲ್ಲ. ಫೈಜರ್, ಮಾಡರ್ನಾ ತರಹದ ಎಂಆರ್‌ಎನ್‌ಎ ಲಸಿಕೆಗಳಿಂದ ಹೃದಯದ ಸ್ನಾಯು ಉರಿಯೂತ ಅಪರೂಪಕ್ಕೆ ಆಗುತ್ತದೆ. ಹುಡುಗರಲ್ಲಿ, ಎರಡನೇ ಡೋಸ್ ಆದ ಕೆಲವು ದಿನಗಳಲ್ಲಿ ಜಾಸ್ತಿ. ಹೆಚ್ಚಿನವರು ವಿಶ್ರಾಂತಿಯಿಂದ ಸುಧಾರಿಸುತ್ತಾರೆ. ಕೋವಿಡ್ ಸೋಂಕಿನಿಂದಲೂ ಅದು ಬರುತ್ತದೆ. ನಮ್ಮಲ್ಲಿ ಹೆಚ್ಚಿನವರು ತಗೊಂಡದ್ದು ಇಲ್ಲೇ ಹಡಪ್ಸರ್ ಪಕ್ಕದ ಸೀರಮ್‌ನ ಕೋವಿಶೀಲ್ಡ್. ಅದು ಬೇರೆ ಜಾತಿ, ಅದರ ಅಪರೂಪದ ತೊಂದರೆ ರಕ್ತ ಹೆಪ್ಪುಗಟ್ಟುವುದು. ಜರ್ಮನಿಯ ಬಾಯರ್ನ್ ಫುಟ್‌ಬಾಲ್ ತಂಡದ ಕಿಮ್ಮಿಶ್‌ನನ್ನೂ ನೆನಪಿಡಿ. ದೀರ್ಘಕಾಲದ ಪರಿಣಾಮ ಗೊತ್ತಿಲ್ಲ ಅಂತ 2021ರಲ್ಲಿ ತಗೊಳ್ಳಲಿಲ್ಲ. ಕೋವಿಡ್ ಬಂತು, ಶ್ವಾಸಕೋಶಕ್ಕೆ ತಾಗಿತು, ಆ ವರ್ಷದ ಉಳಿದ ಪಂದ್ಯಗಳೆಲ್ಲ ಹೋದವು. ಡಿಸೆಂಬರ್‌ನಲ್ಲಿ, ತಗೊಳ್ಳುತ್ತೇನೆ ಅಂದ.

ಪ್ರಶ್ನೆ (ಬಾಲೆವಾಡಿಯ ಕೋಚ್, ಮತ್ತೆ):
ಸರಿ ಡಾಕ್ಟ್ರೇ. ವಕೀಲರೇ, ನಮ್ಮ ಹುಡುಗರಲ್ಲಿ ಯಾರಿಗಾದರೂ ನಿಜವಾಗಿ ಪೆಟ್ಟು ಬಿದ್ದಿದೆಯಾ? ಅಥವಾ ಇದೆಲ್ಲ ಕೋಟ್ಯಧೀಶರ ಕತೆಯೇ?

ಉತ್ತರ (ವಕೀಲ):
ಬಿದ್ದಿದೆ. ಅದರಲ್ಲಿ ನನ್ನದೂ ತಪ್ಪಿದೆ, ಹೇಳಲು ನಾಚಿಕೆ. 2021ರಲ್ಲಿ ನಮ್ಮ ಕಡೆಯ ಒಬ್ಬ ಹುಡುಗನಿಗೆ ಹೊರದೇಶದ ಒಂದು ಕ್ಲಬ್ಬಿನಿಂದ ಕರೆ ಬಂತು. ಹೆಸರು ಬೇಡ. ಅವನು ಲಸಿಕೆ ಬೇಡ ಅಂದವನಲ್ಲ, ಪಾಪ, ಓಡಿ ಹೋಗಿ ಮೊದಲು ಸಿಕ್ಕಿದ್ದನ್ನು ತಗೊಂಡ. ಸಿಕ್ಕಿದ್ದು ಕೋವ್ಯಾಕ್ಸಿನ್. ಒಪ್ಪಂದದಲ್ಲಿ “ಲಸಿಕೆ ಪಡೆದಿರಬೇಕು” ಅಂತ ಇತ್ತು, ಯಾವ ಲಸಿಕೆ ಅಂತ ನಾನು ಕೇಳಲೇ ಇಲ್ಲ. ಆ ದೇಶ ಕೋವ್ಯಾಕ್ಸಿನ್ ಒಪ್ಪುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಬಂದದ್ದು ನವೆಂಬರ್ 3ಕ್ಕೆ, ಅಷ್ಟರಲ್ಲಿ ಸೀಸನ್ ಶುರುವಾಗಿ ಅವನ ಜಾಗಕ್ಕೆ ಬೇರೆಯವನು ಬಂದಿದ್ದ. ಆವತ್ತಿನಿಂದ ನಾನು ಬರೆಯುವ ಪ್ರತಿ ಒಪ್ಪಂದದಲ್ಲಿ ಒಂದು ಸಾಲು ಜಾಸ್ತಿ ಇರುತ್ತದೆ: ಯಾವ ಲಸಿಕೆ, ಎಷ್ಟು ಡೋಸ್, ಯಾವ ತಾರೀಖಿನೊಳಗೆ, ದೇಶದ ನಿಯಮ ನಡುವೆ ಬದಲಾದರೆ ಸಂಬಳದ ಗತಿ ಏನು.

ಅಕ್ಕ, ಈಗ ನಿಮ್ಮ ಕಾಲೇಜಿನ ವಿಷಯ. ಅವರ ಪಟ್ಟಿಯಲ್ಲಿ ಕೋವಿಡ್ ಇದೆಯಾ ಅಂತ ಮೊದಲು ನೋಡಿ. ಬಹುಶಃ ಇರುವುದು ದಡಾರ, ಮಂಪ್ಸ್, ರುಬೆಲ್ಲಾ ಸೇರಿದ ಎಂಎಂಆರ್, ಮತ್ತೆ ಮೆನಿಂಜೈಟಿಸ್. ಜೊಕೊವಿಚ್‌ಗೂ ಇದಕ್ಕೂ ಸಂಬಂಧವೇ ಇಲ್ಲ, ಟೆನಿಸ್‌ಗೂ ಇಲ್ಲ, ಇತಿಹಾಸ ಓದಲು ಹೋಗುವವನಿಗೂ ಅದೇ ಪಟ್ಟಿ. ವಿನಾಯಿತಿ ಕೊಡುವ ನಿಯಮ ರಾಜ್ಯಕ್ಕೊಂದು, ಕಾಲೇಜಿಗೊಂದು. ಆರೋಗ್ಯದ ಕಾರಣ ಇದ್ದರೆ ಡಾಕ್ಟರ್ ಪತ್ರ ಹಿಡಿದು ಕೇಳಬಹುದು. “ನನಗೆ ಇಷ್ಟವಿಲ್ಲ” ಅನ್ನುವುದನ್ನು ಕಾರಣ ಅಂತ ಕಳಿಸಬೇಡಿ.

ಪ್ರತಿಕ್ರಿಯೆ (ಕೋಥ್ರೂಡ್‌ನ ಅಮ್ಮ):
ನೋಡಿದೆ. ಕೋವಿಡ್ ಹೆಸರೇ ಇಲ್ಲ! ಎಂಎಂಆರ್ ಎರಡು ಡೋಸ್, ಮೆನಿಂಜೈಟಿಸ್, ಟಿಬಿ ಪರೀಕ್ಷೆ. ಮಗನಿಗೆ ತೋರಿಸಿದರೆ “ಇದಾ? ಇದು ಚಿಕ್ಕವನಿದ್ದಾಗಲೇ ಆಗಿರಬೇಕಲ್ಲ” ಅಂತಾನೆ. ಇಷ್ಟಕ್ಕೆ ಹದಿನೈದು ದಿನ ಮನೆಯಲ್ಲಿ ಕುರುಕ್ಷೇತ್ರ. ಒಂಬತ್ತು ತಿಂಗಳಿಗೆ ದಡಾರದ್ದು ಹಾಕಿಸಿದ್ದು ನೆನಪಿದೆ, ಅದು ಲೆಕ್ಕಕ್ಕೆ ಬರುತ್ತಾ?

ಉತ್ತರ (ಔಂಧ್‌ನ ವೈದ್ಯೆ):
ಬರುವುದಿಲ್ಲ. ಅವರಿಗೆ ಮೊದಲ ಹುಟ್ಟುಹಬ್ಬ ಕಳೆದ ಮೇಲಿನ ಎರಡು ಡೋಸ್ ಬೇಕು, ನಡುವೆ ಕನಿಷ್ಠ 28 ದಿನ. ಅಮೆರಿಕಕ್ಕೆ ಹೋಗುವ ನಮ್ಮ ಮಕ್ಕಳು ಸಿಕ್ಕಿಬೀಳುವುದೇ ಇಲ್ಲಿ. ಧಾರವಾಡದಲ್ಲಿ ಹಳೆಯ ಕಾರ್ಡ್ ಸಿಗುತ್ತಾ ನೋಡಿ. ಸಿಗದಿದ್ದರೆ ಎರಡೂ ಹಾಕಿಸಿ, ಇನ್ನೊಮ್ಮೆ ತಗೊಂಡರೆ ತೊಂದರೆ ಇಲ್ಲ. ಟಿಬಿ ಪರೀಕ್ಷೆ ಎಂಎಂಆರ್ ಹಾಕಿದ ದಿನವೇ ಮಾಡಿಸಿ, ಇಲ್ಲದಿದ್ದರೆ ನಾಲ್ಕು ವಾರ ಕಾಯಬೇಕಾಗುತ್ತದೆ.

ಪ್ರತಿಕ್ರಿಯೆ (ಕೋಥ್ರೂಡ್‌ನ ಅಮ್ಮ):
ಕಾರ್ಡ್ ನಮ್ಮತ್ತೆಯ ಟ್ರಂಕಿನಲ್ಲಿ ಇರಬೇಕು. ಫೋನ್ ಮಾಡಿದೆ, ಹುಡುಕುತ್ತಿದ್ದಾರೆ.