ಸಹಾಯ ಬೇಕು: ಮನೆಯ ಮೊಸರು ಲೋಳೆಯಾಗುತ್ತಿದೆ
ಹಾಲಿನ ಲ್ಯಾಕ್ಟೋಸ್ ಜೀರ್ಣವಾಗದೆ ಹೊಟ್ಟೆಯುಬ್ಬರದಿಂದ ಬಳಲುವ ನಮ್ಮ ತಂದೆಯವರಿಗೆ ಮೊಸರು ಒಗ್ಗುತ್ತದೆ, ಏಕೆಂದರೆ ಅದರಲ್ಲಿನ ಬ್ಯಾಕ್ಟೀರಿಯಾಗಳು ಆ ಸಕ್ಕರೆಯ ಒಂದು ಭಾಗವನ್ನು ಮೊದಲೇ ಒಡೆದಿರುತ್ತವೆ. ಹಾಗಾಗಿ ಮನೆಯಲ್ಲೇ ಹೆಪ್ಪು ಹಾಕುತ್ತೇನೆ. ಈಚೆಗೆ ಮೊಸರು ಗಟ್ಟಿಯಾಗಿಯೇ ಕಂಡರೂ ಚಮಚ ಎತ್ತಿದರೆ ದಾರದಂತೆ ಎಳೆಯೆಳೆಯಾಗಿ ಜೋಲುತ್ತದೆ. ಹುಳಿ, ವಾಸನೆ ಎರಡೂ ಸರಿಯಾಗಿವೆ. ಹಾಲನ್ನು 85 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, 43 ಡಿಗ್ರಿಗೆ ಆರಿಸಿ (ಬೆರಳನ್ನು ನಂಬುವುದು ಬಿಟ್ಟು ಥರ್ಮಾಮೀಟರನ್ನೇ ಇಟ್ಟುಕೊಂಡಿದ್ದೇನೆ), ಪಾತ್ರೆಯನ್ನು ಕುದಿನೀರಿನಲ್ಲಿ ತೊಳೆದು, ಹೆಪ್ಪಿನ ಪ್ರಮಾಣವನ್ನೂ ತಗ್ಗಿಸಿ ನೋಡಿದ್ದಾಯಿತು. ರಾತ್ರಿಯಿಡೀ ಉಷ್ಣತೆ ಇಳಿಯುತ್ತಾ ಹೋಗುವುದರಿಂದ ಲೋಳೆ ಬಿಡುವ ಬ್ಯಾಕ್ಟೀರಿಯಾಗಳು ಹೆಚ್ಚುತ್ತಿವೆಯೋ, ಅಥವಾ ಅದೇ ಹೆಪ್ಪನ್ನು ಮತ್ತೆ ಮತ್ತೆ ಬಳಸಿದ್ದರಿಂದ ಅದರ ಗುಣವೇ ಬದಲಾಗಿದೆಯೋ ಎಂಬುದು ತಿಳಿಯುತ್ತಿಲ್ಲ. ಹೆಪ್ಪನ್ನೇ ಬದಲಿಸಬೇಕೇ, ಇಲ್ಲವೇ ಪಾತ್ರೆಯನ್ನು ಕೊನೆಯವರೆಗೂ ಬೆಚ್ಚಗಿಟ್ಟರೆ ಇದೇ ಹೆಪ್ಪು ಸರಿಹೋಗುತ್ತದೆಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.